ನಾಲೆಗೆ ಬಿಟ್ಟ ಮದ್ದು

ಮೊನ್ನೆ ಮಧ್ಯಾಹ್ನ ಊಟ ಮುಗಿಸಿ ಪೇಪರು ಹಿಡಿದು ಕೂತಿದ್ದೆ. ಪಕ್ಕದ ಮನೆಯ ಕಿಟಕಿಯಿಂದ ಎಕ್ಕದ ಎಲೆ ಬಾಡಿಸುವ ವಾಸನೆ ಬಂತು. ಎಲೆಗೆ ಹರಳೆಣ್ಣೆ ಸವರಿ, ಕಾದ ಹೆಂಚಿನ ಮೇಲೆ ಹಾಕಿ, ಮೆತ್ತಗಾದ ಮೇಲೆ ನೋಯುವ ಕೀಲಿಗೆ ಬಿಸಿಬಿಸಿಯಾಗಿ ಕಟ್ಟುತ್ತಾರಲ್ಲ, ಅದು. ಶ್ರೀರಂಗಪಟ್ಟಣದ ನಮ್ಮ ಬೀದಿಯಲ್ಲಿ ಈಗ ಎಲ್ಲರ ಮನೆಯಲ್ಲೂ ಮುಲಾಮಿನ ಟ್ಯೂಬುಗಳೇ. ಆ ಮನೆಗೆ ಹಳ್ಳಿಯಿಂದ ಯಾರೋ ವಯಸ್ಸಾದ ನೆಂಟರು ಬಂದಿದ್ದಾರಂತೆ, ಅವರ ಮಂಡಿಗೆ ಮಾಡುತ್ತಿದ್ದರಂತೆ. ಸುಟ್ಟ ಸೊಪ್ಪಿನ ಒಗರು, ಎಣ್ಣೆಯ ಕಮಟು... ಪೇಪರು ಮಡಿಸಿಟ್ಟೆ. ಆಮೇಲೆ ಅದನ್ನು ಓದಲಾಗಲಿಲ್ಲ.

ಐವತ್ತು ವರ್ಷಕ್ಕೂ ಹಿಂದೆ ನನ್ನ ಗಂಡನ ಊರಿನಲ್ಲಿ ನಮ್ಮ ಹಿತ್ತಿಲಿಗೂ ಕುಲುಮೆ ಮನೆಯ ಹಿತ್ತಿಲಿಗೂ ನಡುವೆ ಒಂದು ಮೋಟುಗೋಡೆ ಇತ್ತು. ಸಂಜೆಯಾದರೆ ಆ ಗೋಡೆಯ ಆಚೆಯಿಂದ ಇದೇ ವಾಸನೆ ಬರುತ್ತಿತ್ತು. ಕುಲುಮೆ ಅಕ್ಕನ ಕೈಗೆ ಎಲೆ ಕಟ್ಟುತ್ತಿದ್ದಾರೆ ಅಂತ ಅರ್ಥ. ಅವಳಿಗೆ ಒಂದು ಹೆಸರಿತ್ತು, ಆದರೆ ನಾನು ಆ ಹೆಸರು ಹಿಡಿದು ಕರೆದವಳಲ್ಲ. ಊರಿನ ಕಿರಿಯರಿಗೆಲ್ಲ ಅವಳು ಕುಲುಮೆ ಅಕ್ಕ, ನನಗೂ ಹಾಗೆಯೇ.

ಪಾಂಡವಪುರದಿಂದ ಕೆ.ಆರ್.ಪೇಟೆ ಕಡೆಗೆ ಹೋಗುವ ದಾರಿಯಲ್ಲಿ, ನಾಲೆಯ ಪಕ್ಕದಲ್ಲಿ ಆ ಊರು. ನಾನು ಅಲ್ಲಿಗೆ ಸೊಸೆಯಾಗಿ ಹೋದಾಗ ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಫೇಲಾಗಿದ್ದೆ. ಆದರೂ ಪಟ್ಟಣದವಳು ಅನ್ನುವ ಜಂಬಕ್ಕೇನೂ ಕಮ್ಮಿ ಇರಲಿಲ್ಲ. ಗಂಡನಿಗೆ ಕೆ.ಆರ್.ಎಸ್.ನಲ್ಲಿ ನೀರಾವರಿ ಇಲಾಖೆಯ ಕೆಲಸ, ಶನಿವಾರ ಬಂದರೆ ಸೋಮವಾರ ಬೆಳಗಿನ ಬಸ್ಸಿಗೆ ಹೊರಟುಬಿಡುತ್ತಿದ್ದರು. ಅತ್ತೆ ನಾನು ಬರುವ ಮೊದಲೇ ತೀರಿಕೊಂಡಿದ್ದರು. ಮಾವನವರು ಒಳ್ಳೆಯವರೇ, ಆದರೆ ಅವರು ಮಾತಾಡುತ್ತಿದ್ದುದು ಎತ್ತುಗಳ ಜೊತೆ ಮಾತ್ರ. ಅಂಥ ಮನೆಯಲ್ಲಿ ಬೆಳಗಿನಿಂದ ಸಂಜೆವರೆಗೂ ನನ್ನ ಕಿವಿಗೆ ಬೀಳುತ್ತಿದ್ದ ಜೀವಂತ ಸದ್ದೆಂದರೆ ಪಕ್ಕದ ಕುಲುಮೆಯದು. ತಿದಿ ಒತ್ತುವ ಬುಸ್ ಬುಸ್, ಸುತ್ತಿಗೆಯ ಟಣ್ ಟಣ್, ಕಾದ ಕಬ್ಬಿಣವನ್ನು ನೀರಿಗೆ ಅದ್ದಿದಾಗಿನ ಚೊರ್.

ಕುಲುಮೆ ಕೆಲಸ ಒಬ್ಬರಿಂದ ಆಗುವಂಥದ್ದಲ್ಲ. ಅಕ್ಕನ ಗಂಡ ಆಚಾರ್ರು ಇಕ್ಕಳದಲ್ಲಿ ನೇಗಿಲಿನ ಗುಳ ಹಿಡಿದು ಬೆಂಕಿಯಲ್ಲಿ ತಿರುಗಿಸುತ್ತಿದ್ದರೆ ಅಕ್ಕ ಕೂತು ತಿದಿ ಒತ್ತಬೇಕು. ಕಬ್ಬಿಣ ಕೆಂಪಗಾಗಿ ಅಡಿಗಲ್ಲಿನ ಮೇಲೆ ಬಂದ ಕೂಡಲೇ ಸೆರಗು ಸಿಕ್ಕಿಸಿಕೊಂಡು ಎದ್ದು ನಿಂತು ಸಮ್ಮಟಿಗೆ ಎತ್ತಬೇಕು. ಎತ್ತರದ ಹೆಂಗಸು, ಉದ್ದನೆಯ ತೋಳು. ಅವಳು ಸಮ್ಮಟಿಗೆ ಎತ್ತಿ ಹೊಡೆಯುವುದನ್ನು ನಾನು ಗೋಡೆಯ ಮೇಲೆ ಗಲ್ಲ ಇಟ್ಟುಕೊಂಡು ನೋಡುತ್ತಿದ್ದೆ. ಮೊದಲ ವಾರವೇ ಅವಳು ಬೆವರು ಒರೆಸಿಕೊಳ್ಳುತ್ತಾ ನನ್ನ ಕಡೆ ತಿರುಗಿ, "ಏನಮ್ಮಿ ಪಟ್ಟಣದೋಳೇ, ಬರೀ ನೋಡದೇನಾ? ಮುದ್ದೆ ತಿರುವಕ್ಕಾದ್ರೂ ಬತ್ತದಾ?" ಅಂದಳು. ಬರುವುದಿಲ್ಲ ಅಂದೆ. ಅವತ್ತೇ ಗೋಡೆ ಹತ್ತಿ ನಮ್ಮ ಅಡುಗೆಮನೆಗೆ ಬಂದು, ಕೋಲು ಹಿಡಿಯುವುದು ಹೇಗೆ ಅಂತ ನನ್ನ ಕೈಯ ಮೇಲೆ ಕೈಯಿಟ್ಟು ತೋರಿಸಿದಳು. ಅಂಗೈ ಮರಳು ಕಾಗದದಷ್ಟು ಒರಟು. ನೀವು ಅಂತ ಮಾತಾಡಿಸಿದ್ದಕ್ಕೆ ಬೈದಳು. ಅವತ್ತಿನಿಂದ ನೀನು, ಬಾ, ಹೋಗು, ಎಲ್ಲ.

ಆ ಮನೆಯಲ್ಲಿದ್ದವರು ಅವಳು, ಆಚಾರ್ರು, ಅವರ ತಾಯಿ ಮತ್ತು ಒಂದು ಪುಟ್ಟ ಹೆಣ್ಣುಮಗು. ಆಚಾರ್ರ ತಾಯಿಯನ್ನು ನಾವು ಅಜ್ಜಿ ಅನ್ನುತ್ತಿದ್ದೆವು. ಅಜ್ಜಿಯ ಬಾಯಿ ಜೋರು. ಸೊಸೆ ಗಂಡು ಹೆರಲಿಲ್ಲ ಅನ್ನುವುದನ್ನು ಕೋಳಿಗೆ, ಕಾಗೆಗೆ, ದಾರಿಯಲ್ಲಿ ಹೋಗುವವರಿಗೆ ಹೇಳಿಕೊಳ್ಳುತ್ತಿತ್ತು. ಅಕ್ಕ ಅದನ್ನೆಲ್ಲ ತಲೆಗೆ ಹಾಕಿಕೊಳ್ಳುತ್ತಿರಲಿಲ್ಲ. ಊರಿನ ಗುಳ, ಕುಡುಗೋಲು, ಗುದ್ದಲಿ, ಕಬ್ಬು ಕಡಿಯುವ ಮಚ್ಚು ಎಲ್ಲಕ್ಕೂ ಅವಳ ತೋಳಿನ ಏಟು ಬೇಕಿತ್ತು. ಅದು ಅವಳಿಗೂ ಗೊತ್ತಿತ್ತು, ಅಜ್ಜಿಗೂ ಗೊತ್ತಿತ್ತು.

ನಾನು ಹೋದ ಒಂದೆರಡು ವರ್ಷದ ಮೇಲೆ ಅಂತ ಕಾಣುತ್ತದೆ, ಒಂದು ಚಳಿಗಾಲ ಅಕ್ಕ ಬೆಳಗಾಗೆದ್ದು ಬೆರಳು ಮಡಿಸಲಾಗುತ್ತಿಲ್ಲ ಅಂದಳು. ಬಿಸಿಲೇರಿದ ಮೇಲೆ ಸರಿಹೋಗುತ್ತಿತ್ತು. ಆಮೇಲಾಮೇಲೆ ಮಧ್ಯಾಹ್ನವಾದರೂ ಸರಿಹೋಗುತ್ತಿರಲಿಲ್ಲ. ಎರಡು ಕೈಯ ಗೆಣ್ಣುಗಳೂ ಊದಿಕೊಂಡವು, ಮಣಿಕಟ್ಟು ಊದಿತು, ಮಂಡಿ ಹಿಡಿದುಕೊಂಡಿತು. ಕೀಲುವಾಯು ಅಂದರು. ಎಕ್ಕದ ಎಲೆ ಕಟ್ಟಿದರು, ಹುತ್ತದ ಮಣ್ಣು ಮೆತ್ತಿದರು, ಕಲ್ಲುಪ್ಪು ಹುರಿದು ಶಾಖ ಕೊಟ್ಟರು. ನಾಗಮಂಗಲದ ಆಚೆ ಯಾರೋ ಒಬ್ಬರು ಕೊಡುತ್ತಿದ್ದ ಲೇಹ್ಯ ತಂದು, ಹುಳಿ ಬಿಟ್ಟು, ಬದನೆಕಾಯಿ ಬಿಟ್ಟು, ಕಟ್ಟುನಿಟ್ಟಾಗಿ ಪಥ್ಯ ಮಾಡಿಸಿದರು. ಯಾವುದಕ್ಕೂ ಜಗ್ಗಲಿಲ್ಲ. ಸಮ್ಮಟಿಗೆ ಎತ್ತುತ್ತಿದ್ದವಳಿಗೆ ತಂಬಿಗೆ ಎತ್ತಲಾಗದೆ ಎರಡು ಮುಂಗೈಗಳ ನಡುವೆ ಒತ್ತಿ ಹಿಡಿದು ನೀರು ಕುಡಿಯುವ ಹಾಗಾಯಿತು. ತಲೆ ಬಾಚಿಕೊಳ್ಳಲು ಗೋಡೆಯ ಹತ್ತಿರ ಬರುತ್ತಿದ್ದಳು, ನಾನು ಬಾಚಿ ಜಡೆ ಹಾಕುತ್ತಿದ್ದೆ. ಮೈ ಇಳಿದು ಕತ್ತಿನ ಮೂಳೆ ಎದ್ದು ಕಾಣುತ್ತಿತ್ತು. ಬಂದವರೆಲ್ಲ ಒಂದೇ ಮಾತು, "ಕೀಲು ನೋವ್ಗೆ ಯಾರು ಸತ್ತವ್ರೆ ಬುಡವ್ವ, ತಡ್ಕೋಬೇಕು." ಸಮಾಧಾನಕ್ಕೂ ಅದೇ ಮಾತು, ಗದರುವುದಕ್ಕೂ ಅದೇ.

ಸಾಯುವ ಭಯ ಅಕ್ಕನಿಗೂ ಇರಲಿಲ್ಲ. ಅವಳ ಭಯವೇ ಬೇರೆ. ಕುಲುಮೆ ಅರ್ಧಕ್ಕರ್ಧ ನಿಂತುಹೋಗಿತ್ತು. ಆಚಾರ್ರು ಒಂದು ಕೈಯಲ್ಲಿ ತಿದಿ, ಒಂದು ಕೈಯಲ್ಲಿ ಇಕ್ಕಳ ಹಿಡಿದು ಒದ್ದಾಡುತ್ತಿದ್ದರು. ಜನ ಗುಳ ತಟ್ಟಿಸಲು ಪಕ್ಕದೂರಿಗೆ ಹೋಗತೊಡಗಿದರು. ಅಜ್ಜಿ ಶುರು ಮಾಡಿತು. ಸೊಸೆ ಬಿಂಡಿಗನವಿಲೆಯ ತವರಿಗೆ ಹೋಗಿ ಅಲ್ಲೇ ಆರೈಕೆ ಮಾಡಿಸಿಕೊಳ್ಳಲಿ, ಮಗನಿಗೆ ನೆಂಟರ ಪೈಕಿ ಒಬ್ಬ ಗಟ್ಟಿಮುಟ್ಟಾದ ಹುಡುಗಿಯನ್ನು ತಂದರೆ ಕುಲುಮೆಯೂ ನಡೆಯುತ್ತದೆ, ಮನೆಗೆ ಗಂಡುಮಗುವೂ ಆಗುತ್ತದೆ ಅಂತ. ಆಗ ಅದೇನೂ ಕೇಳಿರದ ವಿಷಯವಲ್ಲ. ಹೇಳುವವರು ನಾಚಿಕೆಪಡುತ್ತಲೂ ಇರಲಿಲ್ಲ.

ಒಂದು ಸಂಜೆ ನಾನು ಜಡೆ ಹೆಣೆಯುತ್ತಿದ್ದಾಗ ಅಕ್ಕ ಬೆನ್ನು ತಿರುಗಿಸಿಕೊಂಡೇ ಹೇಳಿದಳು. "ತವ್ರಿಗೆ ಓದ್ರೆ ತಿರ್ಗಿ ಈ ಮನೆ ಬಾಗ್ಲು ನೋಡಕಿಲ್ಲ ಕಣಮ್ಮಿ ನಾನು. ಕೂತಿರೋ ಕೈಗೆ ಯಾವ ಮನೇಲೂ ಜಾಗ ಇಲ್ಲ. ಈ ಕೈ ಒಂದು ತಿದಿ ಒತ್ತಂಗಾದ್ರೆ ಸಾಕು, ಇನ್ನೇನೂ ಕೇಳಕಿಲ್ಲ ದ್ಯಾವ್ರನ್ನ." ಅವಳ ಕೂದಲು ಕೈಗೆ ಬರುತ್ತಿತ್ತು. ಉದುರಿದ್ದನ್ನು ಅವಳಿಗೆ ಕಾಣದ ಹಾಗೆ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡೆ.

ಆಚಾರ್ರು ಮಾತು ಕಮ್ಮಿಯ ಮನುಷ್ಯ. ತಾಯಿಗೆ ಎದುರಾಡಲಿಲ್ಲ, ಒಪ್ಪಲೂ ಇಲ್ಲ. ಕಬ್ಬಿಣ ತರಲು ಮೈಸೂರಿಗೆ ಹೋದಾಗ ಯಾರೋ ದೊಡ್ಡಾಸ್ಪತ್ರೆಯ ವಿಷಯ ಹೇಳಿದರಂತೆ. ಒಂದು ಬೆಳಿಗ್ಗೆ ಹೆಂಡತಿಯನ್ನು ಗಾಡಿಯಲ್ಲಿ ಮಲಗಿಸಿಕೊಂಡು ರಸ್ತೆಯವರೆಗೆ ಹೋಗಿ, ಬಸ್ಸು ಹತ್ತಿಸಿಕೊಂಡು ಹೊರಟುಬಿಟ್ಟರು. ಅಜ್ಜಿ ಬಾಗಿಲಲ್ಲಿ ನಿಂತು, ಇದ್ದ ಬದ್ದದ್ದನ್ನೆಲ್ಲ ಆಸ್ಪತ್ರೆಗೆ ಸುರಿಯುತ್ತಾನೆ ಅಂತ ಗೊಣಗುತ್ತಿತ್ತು. ಕೆಲವು ದಿನ ಅಲ್ಲಿದ್ದು ಬಂದರು. ಬರುವಾಗ ಕಾಗದದ ಪೊಟ್ಟಣದಲ್ಲಿ ಪುಟ್ಟಪುಟ್ಟ ಬಿಳಿ ಮಾತ್ರೆ ತಂದರು. ಅಜ್ಜಿ ಅದನ್ನು ಅಂಗೈಯಲ್ಲಿ ಉರುಳಿಸಿ ನೋಡಿ, ಇಷ್ಟು ಸಣ್ಣದಕ್ಕೆ ಏನಾಗುತ್ತದೆ ಅಂದಿತು.

ಆಮೇಲೆ ಆದದ್ದನ್ನು ನಾನು ಈಗಲೂ ಮರೆತಿಲ್ಲ. ಒಂದು ವಾರವೂ ಆಗಿರಲಿಲ್ಲವೇನೋ. ನಾನು ಹಿತ್ತಿಲಲ್ಲಿ ಪಾತ್ರೆ ತಿಕ್ಕುತ್ತಿದ್ದೆ. ಗೋಡೆಯಾಚೆ ಬುಸ್... ಅಂತು. ಮತ್ತೆ ಬುಸ್. ಆಚಾರ್ರು ಒತ್ತುವ ತಿದಿಯ ಸದ್ದು ಅದಲ್ಲ, ಅವರದು ಗಡಿಬಿಡಿ. ಇದು ನಿಧಾನ, ಒಂದೇ ಸಮ. ಬೂದಿಗೈಯಲ್ಲೇ ಓಡಿ ಗೋಡೆ ಹಿಡಿದುಕೊಂಡು ನೋಡಿದೆ. ಅಕ್ಕ ತಿದಿಯ ಮುಂದೆ ಕೂತಿದ್ದಳು. ಬೆಂಕಿಯ ಬೆಳಕು ಮುಖದ ಮೇಲೆ. ನನ್ನನ್ನು ನೋಡಿ ನಕ್ಕಳು, ನಗುತ್ತಾ ಕಣ್ಣು ಒರೆಸಿಕೊಂಡಳು, ಆದರೆ ಒತ್ತುವುದನ್ನು ನಿಲ್ಲಿಸಲಿಲ್ಲ. ಆಚಾರ್ರು ಇಕ್ಕಳ ಹಿಡಿದುಕೊಂಡು ಸುಮ್ಮನೆ ಹೆಂಡತಿಯನ್ನೇ ನೋಡುತ್ತಿದ್ದರು. ಗುಳ ಬೆಂಕಿಯಲ್ಲಿ ಹೆಚ್ಚು ಕಾದು ಕೆಟ್ಟುಹೋಯಿತು ಅಂತ ಆಮೇಲೆ ಅಜ್ಜಿ ಬೈಯುತ್ತಿತ್ತು.

ಆಚಾರ್ರು ಆಗಾಗ ಮೈಸೂರಿಗೆ ಹೋಗಿ ಮಾತ್ರೆ ತರುತ್ತಿದ್ದರು. ಒಂದು ವರ್ಷ, ಅದಕ್ಕೂ ಮಿಗಿಲು. ಅಕ್ಕನಿಗೆ ಹಸಿವೋ ಹಸಿವು. ಮುದ್ದೆಯ ಮೇಲೆ ಮುದ್ದೆ ಇಳಿಸುತ್ತಿದ್ದಳು. ಬತ್ತಿಹೋಗಿದ್ದ ಕೆನ್ನೆ ತುಂಬಿಕೊಂಡಿತು. ಬರಬರುತ್ತಾ ಮುಖ ದುಂಡಗಾಯಿತು, ಕೆನ್ನೆಗೆ ಕೆಂಪು ಬಂತು, ಕತ್ತಿನ ಹಿಂದೆ ಮಾಂಸ ಬೆಳೆಯಿತು. ಸೊರಗಿದ್ದವರು ಮೈ ತುಂಬಿಕೊಂಡರೆ ನಮ್ಮ ಕಡೆ ಅದಕ್ಕಿಂತ ಒಳ್ಳೆಯ ಗುರುತು ಇನ್ನೇನಿದೆ? ಊರೇ ಹೊಗಳಿತು. ನಾಟಿ ಮಾಡಲು ಹೋಗುವ ಹೆಂಗಸರು ದಾರಿಯಲ್ಲಿ ನಿಂತು ಅವಳ ಗಲ್ಲ ಹಿಡಿದು ನೋಡುತ್ತಿದ್ದರು. ತೋಳಿನಲ್ಲಿ ಅಲ್ಲಲ್ಲಿ ನೀಲಿಗಟ್ಟಿರುತ್ತಿತ್ತು. ಕೆಲಸ ಮಾಡುವ ಕೈ, ಎಲ್ಲೋ ತಗುಲಿರಬೇಕು ಅಂದುಕೊಂಡೆವು. ಸಮ್ಮಟಿಗೆ ಮಾತ್ರ ಅವಳು ಮತ್ತೆ ಎತ್ತಲಿಲ್ಲ. ಆದರೆ ತಿದಿ ನಡೆಯುತ್ತಿತ್ತು, ಕುಲುಮೆ ನಡೆಯುತ್ತಿತ್ತು, ಬಿಂಡಿಗನವಿಲೆಯ ಮಾತು ನಿಂತುಹೋಗಿತ್ತು.

ಎಲ್ಲರಿಗಿಂತ ಹೆಚ್ಚು ಬದಲಾಗಿದ್ದು ಅಜ್ಜಿ. ಸೊಸೆ ಇನ್ನು ಏಳುವುದಿಲ್ಲ ಅಂತ ಲೆಕ್ಕ ಹಾಕಿದ್ದವಳಿಗೆ ಸೊಸೆ ಎದ್ದು ಬಂದು ಬೆಂಕಿ ಹೊತ್ತಿಸಿದ್ದು ಎಲ್ಲೋ ತಾಗಿತ್ತು. ಗೋಡೆಯ ಹತ್ತಿರ ಬಂದು ನನಗೆ ಹೇಳಿತು, "ನನ್ ನಾಲ್ಗೆಗೆ ಬರೆ ಆಕ್ಬೇಕು ಕಣಮ್ಮಿ. ಇಂಥೋಳ್ನ ಕಳಿಸ್ಬುಡ್ತೀನಿ ಅಂತಿದ್ನಲ್ಲ." ಹೇಳಿ ಸುಮ್ಮನಾಗಲಿಲ್ಲ. ಸೊಸೆಗೆ ಮೊದಲು ಬಡಿಸಿ ತಾನು ಆಮೇಲೆ ಉಣ್ಣುತ್ತಿತ್ತು.

ಅಜ್ಜಿಗೆ ಒಂದು ಚಿಂತೆ ಹತ್ತಿದ್ದು ಆಗಲೇ. ಮದ್ದು ಇನ್ನೂ ಬಿಡಿಸಿಲ್ಲ ಅನ್ನುವ ಚಿಂತೆ. ನಮ್ಮ ಕಡೆ ಆಗ ನಾಟಿ ಮದ್ದು ತಿಂದವರು ಗುಣವಾದ ಮೇಲೆ ಒಳ್ಳೆಯ ದಿನ ನೋಡಿ ಮದ್ದು ಬಿಡಿಸಿಕೊಳ್ಳುತ್ತಿದ್ದರು. ತಲೆಗೆ ಎಣ್ಣೆ ಹಚ್ಚಿ, ಬೇವಿನ ಸೊಪ್ಪು ಹಾಕಿ ಕಾಯಿಸಿದ ನೀರು ಹುಯ್ದು, ಪಥ್ಯದಲ್ಲಿ ಬಿಟ್ಟಿದ್ದನ್ನೆಲ್ಲ ಬಡಿಸುತ್ತಿದ್ದರು. ಉಳಿದ ಮದ್ದನ್ನು ಮನೆಯಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ. ಇಟ್ಟರೆ ಅದು ಹೋದ ಕಾಯಿಲೆಯನ್ನು ಕರೆಯುತ್ತದೆ, ಹರಿಯುವ ನೀರಿಗೆ ಬಿಟ್ಟುಬಿಡಬೇಕು. ಗುಣವಾದ ಮೇಲೂ ತಿನ್ನುತ್ತಾ ಹೋದರೆ ಮದ್ದೇ ಮೈಗೆ ತಿರುಗುತ್ತದೆ ಅನ್ನುತ್ತಿದ್ದರು. ಆಸ್ಪತ್ರೆಯಲ್ಲಿ ಡಾಕ್ಟರು ಏನು ಹೇಳಿದ್ದರೋ... ಹೇಳಿರಲೇಬೇಕು. ಆಚಾರ್ರ ಮನಸ್ಸಿನಲ್ಲಿ ನಿಂತಿದ್ದು ಒಂದು ಮಾತು, "ಗುಣ ಆಗೋಗಂಟ ಬುಡದಂಗೆ ತಿನ್ನು ಅಂದವ್ರೆ." ಹೆಂಡತಿಯನ್ನು ನೋಡಿದರೆ ಗುಣವಾಗಿದೆ. ಕೈ ಆಡುತ್ತಿದೆ, ಮುಖ ದುಂಡಗಿದೆ. ಬಿಡದೆ ತಿಂದಿದ್ದಾಳೆ, ಗುಣವೂ ಆಗಿದೆ. ಇನ್ನು ಬಿಡಿಸಲು ತಡವೇಕೆ?

ಸಂಕ್ರಾಂತಿ ಕಳೆದು ಬಂದ ಒಂದು ಶುಕ್ರವಾರ ಗೊತ್ತು ಮಾಡಿದರು. ಅವತ್ತು ಕುಲುಮೆಗೆ ರಜೆ. ಬೆಳಿಗ್ಗೆಯೇ ಹಂಡೆ ಒಲೆ ಉರಿಯುತ್ತಿತ್ತು. ಅಕ್ಕನ ಮಗಳು, ಆಗ ಆರೇಳು ವರ್ಷದ ಕೂಸು, ತನ್ನಷ್ಟೇ ಉದ್ದದ ತೆಂಗಿನ ಗರಿಗಳನ್ನು ಎಳೆದು ತಂದು ಒಲೆಗೆ ತುರುಕುತ್ತಿತ್ತು. ಅಜ್ಜಿ ತನ್ನ ಕೈಯಾರೆ ಸೊಸೆಯ ತಲೆಗೆ ಎಣ್ಣೆ ಒತ್ತಿತು. ನನ್ನನ್ನೂ ಕರೆದಿದ್ದರು. ನೀರು ಹುಯ್ಯುವಾಗ ಹಬೆಯಲ್ಲಿ ಅಕ್ಕ "ಸುಡ್ತದೆ ಕಣತ್ತೆ" ಅಂತ ಕೂಗುವುದು, ಅಜ್ಜಿ "ಸುಡ್ಲಿ ಬುಡು, ಕಾಯ್ಲೆ ಸುಟ್ಟೋಗ್ಲಿ" ಅನ್ನುವುದು, ಮಗು ಕಿಲಕಿಲ ನಗುವುದು. ಒಟ್ಟಾಗಿ ನಗುತ್ತಿದ್ದ ಆ ಮನೆಯನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಹೊಸ ಸೀರೆ ಉಟ್ಟು, ಅರಿಶಿನ ಹಚ್ಚಿದ ಮುಖದಲ್ಲಿ ಹೊರಗೆ ಬಂದವಳನ್ನು ನೋಡಿ ನನಗೆ ತಡೆಯಲಾಗಲಿಲ್ಲ. "ಅಕ್ಕ, ನಿನ್ ಮುಖ ಹುಣ್ಣಿಮೆ ಚಂದ್ರನ್ ಹಂಗೇ ಆಗದೆ" ಅಂದುಬಿಟ್ಟೆ. ಅಜ್ಜಿ ತಕ್ಷಣ ಸೊಸೆಯ ಕೆನ್ನೆ ಸವರಿ ನೆಟಿಗೆ ಮುರಿಯಿತು.

ಆಮೇಲೆ ನಾಲೆಗೆ ಹೊರಟೆವು. ಗಾಡಿಯಲ್ಲಿ ಮಲಗಿಕೊಂಡು ಊರು ಬಿಟ್ಟಿದ್ದವಳು ಅವತ್ತು ಬೀದಿಯುದ್ದಕ್ಕೂ ತನ್ನ ಕಾಲ ಮೇಲೆ ನಡೆದಳು. ಜಗುಲಿಯ ಮೇಲೆ ಕೂತವರೆಲ್ಲ ಎದ್ದು ನೋಡಿದರು. ನಾಲೆಯಲ್ಲಿ ನೀರು ತುಂಬಿ ಹೋಗುತ್ತಿತ್ತು. ಮೆಟ್ಟಿಲ ಮೇಲೆ ಕುಂಕುಮ ಇಟ್ಟು, ಹೂವು ಬಿಟ್ಟು, ಅಕ್ಕ ಉಳಿದ ಮಾತ್ರೆಗಳ ಪೊಟ್ಟಣ ಬಿಚ್ಚಿದಳು. ಮಗು ನಾನು ನಾನು ಅಂತ ಹಟ ಹಿಡಿಯಿತು. ಅಕ್ಕ ನಕ್ಕು ಮಾತ್ರೆಗಳನ್ನೆಲ್ಲ ಮಗುವಿನ ಅಂಗೈಗೆ ಸುರಿದಳು. ಮಗು ಕೈ ಬೀಸಿ ನೀರಿಗೆ ಎಸೆಯಿತು. ಬಿಳಿ ಮಾತ್ರೆ ಒಂದು ಗಳಿಗೆ ಕಂಡವು, ಆಮೇಲೆ ಇಲ್ಲ.

ಎರಡು ದಿನ ಕಳೆದ ಮೇಲೆ ಅಕ್ಕ ಸುಸ್ತು ಅಂದಳು. ಎಣ್ಣೆನೀರಿನ ಸುಸ್ತು ಅಂದುಕೊಂಡರು. ಆಮೇಲೆ ಎದ್ದು ನಿಂತರೆ ಕಣ್ಣು ಕತ್ತಲೆ. ಏನು ತಿಂದರೂ ವಾಂತಿ. ಹೊಟ್ಟೆ ಹಿಡಿದುಕೊಂಡು ಮುದುಡಿ ಮಲಗಿದಳು. ಕೀಲುಗಳೆಲ್ಲ ಒಟ್ಟಿಗೆ ಮತ್ತೆ ಊದಿಕೊಂಡವು. ಕೈ ಮುಟ್ಟಿದರೆ ತಣ್ಣಗೆ, ಬೆವರು. ದೃಷ್ಟಿಯಾಗಿದೆ ಅಂದರು. ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಕಬ್ಬಿಣ ಅದ್ದಿದ ಕುಲುಮೆ ನೀರು ಬೆಚ್ಚಿದ ಮಕ್ಕಳಿಗೆ ಒಳ್ಳೆಯದು ಅಂತ ಸುತ್ತಲ ಊರಿನವರು ಬಂದು ಒಯ್ಯುತ್ತಿದ್ದರು. ಆ ನೀರನ್ನೇ ಅವಳ ಮುಖಕ್ಕೆ ಚಿಮುಕಿಸಿದರು. ನಾನು ಹೋಗಿ ಪಕ್ಕದಲ್ಲಿ ಕೂತಾಗ ಅಕ್ಕ ಕಣ್ಣು ಬಿಟ್ಟು, "ನಾಳೀಕೆ ಎದ್ಬುಡ್ತೀನಿ ಕಣಮ್ಮಿ, ಕಬ್ಬು ಕಡ್ಯೋ ಮಚ್ಚು ಬಾಳ ಬಂದ್ಬುಟ್ಟವೆ" ಅಂದಳು. ಅವಳಿಗೆ ಇನ್ನೂ ತಿದಿಯ ಮುಂದೆ ಕೂರುವ ಯೋಚನೆ.

ಆಚಾರ್ರು ಗಾಡಿ ಕಟ್ಟಿದರು. ಮೈಸೂರಿಗೆ ಹೋಗಬೇಕು ಅಂತ ಹೊರಟವರು ಪಾಂಡವಪುರ ಮುಟ್ಟುವ ಮೊದಲೇ ಗಾಡಿ ತಿರುಗಿಸಿಕೊಂಡು ಬಂದರು. ಗಾಡಿ ಬರುತ್ತಿರುವ ರೀತಿ ನೋಡಿಯೇ ಬೀದಿಯವರಿಗೆ ಗೊತ್ತಾಗಿಹೋಯಿತು. ಎತ್ತುಗಳನ್ನು ಅವರು ಹೊಡೆಯುತ್ತಿರಲಿಲ್ಲ. ಅಕ್ಕನಿಗೆ ನಲವತ್ತೂ ಆಗಿರಲಿಲ್ಲ.

ಏನಾಗಿ ಸತ್ತಳು ಅಂದರೆ ಒಬ್ಬರು ವಾಂತಿಭೇದಿ ಅಂದರು, ಒಬ್ಬರು ಎದೆ ಒಡೆಯಿತು ಅಂದರು. ಕೀಲುವಾಯುವಿನ ಹೆಸರು ಯಾರ ಬಾಯಲ್ಲೂ ಬರಲಿಲ್ಲ, ಅದು ವಾಸಿಯಾಗಿತ್ತಲ್ಲ. ಅಜ್ಜಿ ಮಾತ್ರ ಎದೆ ಬಡಿದುಕೊಂಡು ಅಳುತ್ತಾ, ಎಲ್ಲರ ಮುಂದೆ, ಪಕ್ಕದ ಮನೆಯವಳ ಕಣ್ಣು ಬಿತ್ತು, ಚಂದ್ರ ಅಂದಳು, ಅಮಾವಾಸ್ಯೆ ಮಾಡಿದಳು ಅಂತ ಕೂಗಿತು. ನಾನು ಜನರ ನಡುವೆ ನಿಂತಿದ್ದೆ. ನನ್ನ ಪಕ್ಕದಲ್ಲಿದ್ದ ಬಸುರಿ ಹೆಂಗಸು ಸ್ವಲ್ಪ ದೂರ ಸರಿದು ನಿಂತಳು. ಅಷ್ಟು ಸಾಕಾಗಿತ್ತು. ಆಮೇಲೆ ಎಷ್ಟೋ ಕಾಲ ನಾನು ಯಾರ ಮಗುವನ್ನೂ ಚೆನ್ನಾಗಿದೆ ಅನ್ನಲಿಲ್ಲ. ನನ್ನ ಮಕ್ಕಳನ್ನೇ ದಿಟ್ಟಿಸಿ ನೋಡಲು ಹೆದರುತ್ತಿದ್ದೆ. ನಾನು ಓದಿದವಳು, ಇದನ್ನೆಲ್ಲ ನಂಬುವವಳಲ್ಲ ಅಂತ ಹಗಲೆಲ್ಲ ಅಂದುಕೊಂಡರೂ ಒಳಗೆ ಎಲ್ಲೋ ನಂಬಿದ್ದೆ.

ಅಜ್ಜಿಯ ಮೇಲೆ ನನಗೆ ಸಿಟ್ಟಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಆ ಸಿಟ್ಟು ಉಳಿಯದ ಹಾಗೆ ಮಾಡಿದ್ದೂ ಅಜ್ಜಿಯೇ. ಮಗನಿಗೆ ಇನ್ನೊಂದು ಮದುವೆ ಮಾಡು ಅಂತ ನೆಂಟರು ಬಂದು ಕೂತರೆ ಬಾಗಿಲಿಂದಲೇ ಕಳಿಸುತ್ತಿತ್ತು. ಸೊಸೆ ಕೂರುತ್ತಿದ್ದ ಮಣೆಯ ಮೇಲೆ ತಾನೇ ಕೂತು, ಆ ವಯಸ್ಸಿನಲ್ಲಿ, ತಿದಿ ಒತ್ತತೊಡಗಿತು. ಸದ್ದು ಏರುತ್ತಿತ್ತು, ಇಳಿಯುತ್ತಿತ್ತು, ನಡುವೆ ನಿಂತೇ ಹೋಗುತ್ತಿತ್ತು. ನಾನು ಹಿತ್ತಿಲಲ್ಲಿ ಕೆಲಸ ಬಿಟ್ಟು ಮತ್ತೆ ಶುರುವಾಗುವವರೆಗೂ ಕಾಯುತ್ತಿದ್ದೆ. ಕೆಲವು ವರ್ಷದ ಮೇಲೆ ನಾವು ಕೆ.ಆರ್.ಎಸ್. ಕ್ವಾರ್ಟರ್ಸಿಗೆ ಹೋದೆವು, ಆಮೇಲೆ ಇಲ್ಲಿಗೆ. ಅಜ್ಜಿ ಹೋದ ಸುದ್ದಿ ಬಂತು, ಆಚಾರ್ರು ಹೋದ ಸುದ್ದಿಯೂ ಬಂತು.

ನನಗೆ ಐವತ್ತೈದು ದಾಟಿದ ಮೇಲೆ ಒಂದು ಬೆಳಿಗ್ಗೆ ಬೆರಳು ಮಡಿಸಲಾಗಲಿಲ್ಲ. ಊದಿದ ಗೆಣ್ಣು ನೋಡಿಕೊಂಡ ಕೂಡಲೇ ಗೊತ್ತಾಯಿತು. ಮಗ ಮೈಸೂರಿಗೆ ಕರೆದುಕೊಂಡು ಹೋದ. ಡಾಕ್ಟರಮ್ಮ ಸಣ್ಣ ವಯಸ್ಸಿನವರು, ನಿಧಾನವಾಗಿ ಮಾತಾಡುವವರು. ವಾರಕ್ಕೊಮ್ಮೆ ನುಂಗುವುದೊಂದು, ದಿನಾ ನುಂಗುವುದೊಂದು ಬರೆದುಕೊಟ್ಟರು. ದಿನದ ಪುಟ್ಟ ಬಿಳಿ ಮಾತ್ರೆಯನ್ನು ತೋರಿಸಿ ಅವರು ಹೇಳಿದ್ದು ಇಷ್ಟು. "ಅಮ್ಮ, ಇದನ್ನ ನೀವಾಗಿ ನೀವು ನಿಲ್ಲಿಸಬಾರದು. ನಾನೇ ಕಡಿಮೆ ಮಾಡ್ತಾ ಮಾಡ್ತಾ ಬಿಡಿಸ್ತೀನಿ. ಮೈಗೆ ಬೇಕಾದ್ದನ್ನ ಈ ಮಾತ್ರೆ ಹೊರಗಿಂದ ಕೊಡ್ತಾ ಇರತ್ತೆ, ಮೈ ತಾನೇ ತಯಾರು ಮಾಡೋದನ್ನ ನಿಲ್ಲಿಸಿಬಿಟ್ಟಿರತ್ತೆ. ಇದ್ದಕ್ಕಿದ್ದ ಹಾಗೆ ಬಿಟ್ಟರೆ ಸುಸ್ತು, ವಾಂತಿ, ಜೀವಕ್ಕೇ ಅಪಾಯ." ಆಮೇಲೆ ನಗುತ್ತಾ, "ಮುಖ ಸ್ವಲ್ಪ ದುಂಡಗಾಗಬಹುದು, ಗಾಬರಿ ಆಗಬೇಡಿ" ಅಂದರು.

ನಾನು ಕುರ್ಚಿಯಿಂದ ಏಳಲಿಲ್ಲ. ಮಗ ಏನಮ್ಮ ಅಂತ ಭುಜ ಅಲ್ಲಾಡಿಸಿದ. ಈ ಕಾಯಿಲೆಗೆ ಮೊದಲೆಲ್ಲ ಜನ ಸಾಯುತ್ತಿದ್ದರಾ ಅಂತ ಡಾಕ್ಟರಮ್ಮನನ್ನು ಕೇಳಿದೆ. ಹಿಂದೆ ಈ ಕಾಯಿಲೆಯವರು ಬೇರೆಯವರಿಗಿಂತ ಬೇಗ ಹೋಗುತ್ತಿದ್ದರು ಅಂದರು. ಹೃದಯಕ್ಕೆ, ಶ್ವಾಸಕೋಶಕ್ಕೆ ಹಬ್ಬುತ್ತಿತ್ತು, ಸೋಂಕು ತಗುಲುತ್ತಿತ್ತು, ಕೆಲವರಿಗೆ ಔಷಧಿಯೇ ಮುಳುವಾಗುತ್ತಿತ್ತು. ಸತ್ತಾಗ ಎದೆನೋವು ಅಂತಲೋ ಜ್ವರ ಅಂತಲೋ ಹೇಳುತ್ತಿದ್ದರು, ಕೀಲಿನ ಕಾಯಿಲೆಯ ಹೆಸರು ಹೇಳುತ್ತಿರಲಿಲ್ಲ. ಈಗ ಶುರುವಿನಲ್ಲೇ ಹಿಡಿದು ಮದ್ದು ಕೊಡುವುದರಿಂದ ವರ್ಷವರ್ಷಕ್ಕೂ ಅಂಥ ಸಾವು ಕಡಿಮೆಯಾಗುತ್ತಾ ಬಂದಿದೆ, ಹೆಚ್ಚುಕಡಿಮೆ ಎಲ್ಲರ ಹಾಗೇ ಬಾಳುತ್ತಾರೆ, ನೀವೂ ಬಾಳುತ್ತೀರಿ ಅಂದರು. ಅವರು ಹೇಳಿದ್ದು ನಿಜವಾಯಿತು, ನಾನು ಬಾಳಿದ್ದೇನೆ. ಅವತ್ತು ಬಸ್ಸಿನಲ್ಲಿ ಶ್ರೀರಂಗಪಟ್ಟಣದ ಸೇತುವೆ ಬರುವವರೆಗೂ ಅತ್ತೆ. ನನ್ನ ಕಣ್ಣಲ್ಲ ಅನ್ನುವ ನೆಮ್ಮದಿಗೆ ಅತ್ತೆನೋ, ಅಕ್ಕನಿಗೆ ಅತ್ತೆನೋ... ಎರಡೂ ಇರಬೇಕು.

ಕಳೆದ ವರ್ಷ ಕೆ.ಆರ್.ಪೇಟೆಯ ಒಂದು ಮದುವೆ ಮನೆಯಲ್ಲಿ ಬಿಳಿಕೂದಲಿನ ಹೆಂಗಸೊಬ್ಬಳು ಬಂದು ನನ್ನ ಕೈ ಹಿಡಿದುಕೊಂಡಳು. "ಚಿಕ್ಕವ್ವ, ಗೊತ್ತಾಗ್ನಿಲ್ವಾ? ನಾನು ಕುಲುಮೆ ಮನೆ ಕೂಸು" ಅಂದಳು. ಅಕ್ಕನದೇ ಉದ್ದನೆಯ ತೋಳು. ಈಗ ಅವಳಿಗೇ ಮೊಮ್ಮಕ್ಕಳು. ಊಟದ ಮನೆಯ ಹೊರಗೆ ಕುರ್ಚಿ ಹಾಕಿಕೊಂಡು ಕೂತೆವು. ನನ್ನ ಸೊಟ್ಟಗಾದ ಬೆರಳುಗಳನ್ನು ಒಂದೊಂದಾಗಿ ಸವರುತ್ತಾ, "ನಮ್ಮವ್ವಂಗೂ ಇಂಗೇ ಇತ್ತಲ್ವಾ?" ಅಂದಳು. ಹೂಂ ಅಂದೆ. "ಅಜ್ಜಿ ನಿಮ್ ಕಣ್ಣು ಬಿತ್ತು ಅಂತಿತ್ತು. ನಾನ್ ನಂಬ್ನಿಲ್ಲ ಬುಡಿ. ಆದ್ರೆ ನಮ್ಮವ್ವ ಯಾಕ್ ಸತ್ತೋದ್ಲು ಚಿಕ್ಕವ್ವ? ನೀವು ಜೊತೇಲಿದ್ರಿ, ನಿಮ್ಗೇನಾರ ಗೊತ್ತಾ?"

ಬಾಯಿ ತೆರೆದೆ. ಇಷ್ಟು ವರ್ಷ ಹೊತ್ತಿದ್ದನ್ನು ಇಳಿಸಿಬಿಡಬಹುದಿತ್ತು, ಕೇಳುವವಳು ಎದುರಿಗೇ ಇದ್ದಳು. ಅಷ್ಟರಲ್ಲಿ ಅವಳೇ ನಗುತ್ತಾ ಹೇಳಿದಳು. "ನಂಗೆ ಅವ್ವನ್ ಮುಖನೇ ಸರ್ಯಾಗಿ ಗ್ಯಾಪಕ ಇಲ್ಲ. ಒಂದೇ ಒಂದು ದಿಸ ಅದೆ ನೋಡಿ. ಹಂಡೆ ಒಲೆಗೆ ನಾನು ಗರಿ ತುರುಕ್ತಿದ್ದೆ. ಅಜ್ಜಿ ನೀರು ಉಯ್ತಿತ್ತು. ಅವ್ವ ಎಷ್ಟು ನಗ್ತಿದ್ಲು! ಆಮ್ಯಾಕೆ ನಾಲೆ ತಾವ್ಕೆ ಕರ್ಕೊಂಡೋಗಿ ನನ್ ಕೈಲೇ ಮದ್ದು ಬುಡಿಸ್ದ್ಲು. ನಮ್ಮವ್ವಂದು ಅಂತ ನನ್ ತಾವ ಇರೋದು ಅದೊಂದೇಯ."

ಅವಳ ಅಂಗೈ ನನ್ನ ಕೈಯ ಮೇಲಿತ್ತು. ಅವತ್ತು ಮಾತ್ರೆಗಳನ್ನು ನಾಲೆಗೆ ಎಸೆದ ಅಂಗೈ.

"ಆ ಕೀಲಿನ ಕಾಯ್ಲೆಯಿಂದ್ಲೇ ಕಣವ್ವ" ಅಂದೆ. "ಆಗ ಅದು ಬಂದೋರು ಬಾಳ ದಿಸ ಉಳೀತಿರ್ಲಿಲ್ಲ. ಏನ್ ಮಾಡಿದ್ರೂ ಉಳೀತಿರ್ಲಿಲ್ಲ. ಈಗ ಉಳೀತೀವಿ."

ಅವಳು ತಲೆಯಾಡಿಸಿದಳು. ಅಷ್ಟು ಸಾಕಾಯಿತು ಅವಳಿಗೆ. ನನಗೆ ಊಟ ಬಡಿಸಿಕೊಂಡು ಬರುತ್ತೇನೆ ಅಂತ ಎದ್ದು ಒಳಗೆ ಹೋದಳು. ಹಿಂದಿನಿಂದ ನೋಡಿದರೆ ಅಕ್ಕನೇ ನಡೆದು ಹೋದ ಹಾಗಿತ್ತು. ನಾನು ಅಕ್ಕನಿಗಿಂತ ಎಷ್ಟೋ ವರ್ಷ ಹೆಚ್ಚು ಬದುಕಿ, ಅವಳಿಗೆ ಬಂದ ಕಾಯಿಲೆಯಲ್ಲೇ ಮುದುಕಿಯಾಗಿ, ಅವಳ ಮಗಳು ತಂದುಕೊಡುವ ಊಟಕ್ಕೆ ಕಾಯುತ್ತಾ ಕೂತಿದ್ದೆ. ಆ ಕುರ್ಚಿಯಲ್ಲಿ ಕೂರಬೇಕಾಗಿದ್ದವಳು ಅಕ್ಕ.